ಸಹಿ ಹಾಕದ ಭೂತಗನ್ನಡಿ ಅಕ್ಕ

ಬೆಳಗಿನ ಐದು ಹತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ಕೋಣೆಗೆ ದೀಪ ಹತ್ತಿದೆ. ಉದ್ದನೆಯ ಸ್ಟೀಲ್ ಮೇಜಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬರು ಮೊಳದುದ್ದಕ್ಕೆ ಸ್ವಲ್ಪ ಕಡಿಮೆಯ ಕಪ್ಪು ಕಡ್ಡಿಯೊಂದನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದಾರೆ. ಮೇಜಿಗೆ ಕಚ್ಚಿಸಿದ ಬಗ್ಗುವ ಕಂಬದ ತುದಿಯಲ್ಲಿ ತಟ್ಟೆಯಗಲದ ಭೂತಗನ್ನಡಿ, ಅದರ ಸುತ್ತ ಬಿಳಿ ದೀಪ. ಕಡ್ಡಿ ಒಂದು ಸುತ್ತು ಬರಲು ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಇವರ ರೆಪ್ಪೆ ಅಲುಗಿದ್ದನ್ನು ನಾನಂತೂ ನೋಡಲಿಲ್ಲ.

"ಮಾತಾಡಿ, ಪರವಾಗಿಲ್ಲ. ಕಿವಿ ಖಾಲಿ ಇದೆ. ಕಣ್ಣು ಮಾತ್ರ ಕೇಳ್ಬೇಡಿ," ಎನ್ನುತ್ತಾರೆ ತಲೆಯೆತ್ತದೆ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಭೂತಗನ್ನಡಿ ಅಕ್ಕ ಎಂದೇ. ವಯಸ್ಸು ಐವತ್ತಾರು. ಬೆನ್ನ ಹಿಂದೆ ಕೆಲವರು ಹೆಸರನ್ನು ಮೊಟಕು ಮಾಡಿ ಭೂತಕ್ಕ ಎನ್ನುವುದೂ ಇವರಿಗೆ ಗೊತ್ತು. "ಅನ್ಲಿ ಬಿಡಿ. ಸ್ವಲ್ಪ ಹೆದರಿಕೆ ಇದ್ರೆ ಸಾಮಾನು ನೆಟ್ಟಗೆ ಬರುತ್ತೆ." ಆಪರೇಷನ್ ಥಿಯೇಟರಿನಿಂದ ಕೆಳಗಿಳಿದು ಬರುವ ಉಪಕರಣಗಳನ್ನು ಬಿಚ್ಚಿ, ತೊಳೆದು, ಪರೀಕ್ಷಿಸಿ, ಮತ್ತೆ ಜೋಡಿಸಿ, ಆವಿಯಂತ್ರಕ್ಕೆ ಕೊಟ್ಟು ಮೇಲೆ ಕಳಿಸುವುದು ಇವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ಅದರಲ್ಲೂ ಕೀಹೋಲ್ ಆಪರೇಷನ್ನಿನ ಸಾಮಾನು ಇವರ ಕೈ ದಾಟದೆ ಮೇಲೆ ಹೋಗುವಂತಿಲ್ಲ.

ಕೀಹೋಲ್ ಎಂದರೆ ಬೀಗದ ಕೈ ತೂರುವ ಕಂಡಿ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ ಹಿಂದೆಲ್ಲ ಹೊಕ್ಕುಳ ಮೇಲಿನಿಂದ ಕೆಳತನಕ ಗೇಣುದ್ದ ಕೊಯ್ದು ಹೊಟ್ಟೆ ತೆರೆಯಬೇಕಿತ್ತು. ಈಗ ಅನೇಕರಿಗೆ ಅದು ಬೇಕಿಲ್ಲ. ಅಂಗಿಯ ಗುಂಡಿಗಿಂತ ಸಣ್ಣದಾದ ನಾಲ್ಕು ತೂತು ಮಾಡಿ, ಹೊಟ್ಟೆಯೊಳಗೆ ಗಾಳಿ ತುಂಬಿ ಜಾಗ ಮಾಡಿಕೊಂಡು, ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದುದ್ದನೆಯ ಕಡ್ಡಿಗಳನ್ನು ಇಳಿಸುತ್ತಾರೆ. ಸರ್ಜನ್ ಟಿವಿ ಪರದೆ ನೋಡುತ್ತ ಗಡ್ಡೆಯಿರುವ ಕರುಳಿನ ತುಂಡನ್ನೂ ಅದರ ಸುತ್ತಲಿನ ಗ್ರಂಥಿಗಳನ್ನೂ ಬಿಡಿಸಿ, ಬೆರಳುದ್ದದ ಇನ್ನೊಂದು ಗಾಯದಿಂದ ಹೊರತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿಬಿಡುತ್ತಾರೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಹೊಂದಿದವರು ಮರುದಿನವೇ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾರೆ, ವಾರದೊಳಗೆ ಮನೆ ಸೇರುತ್ತಾರೆ.

ಇದನ್ನು ಹೇಳುವಾಗ ನಾವೆಲ್ಲ ಸರ್ಜನ್‌ರ ಕೈಚಳಕ ಹೊಗಳುತ್ತೇವೆ, ಕ್ಯಾಮೆರಾ ಹೊಗಳುತ್ತೇವೆ. ಆ ಕಡ್ಡಿಯನ್ನು ತೊಳೆಯುವವರು ಯಾರು ಎಂದು ಕೇಳುವವರಿಲ್ಲ. ನಾನೂ ಕೇಳಿರಲಿಲ್ಲ. ಆಸ್ಪತ್ರೆಯ ಮುಂಬಾಗಿಲಲ್ಲಿ ಕರುಳಿನ ಐನೂರನೇ ಕೀಹೋಲ್ ಆಪರೇಷನ್ನಿನ ಫೋಟೋ ತೂಗುಹಾಕಿದ್ದಾರೆ, ಹೂಗುಚ್ಛ ಹಿಡಿದ ಹನ್ನೊಂದು ಜನ ನಗುತ್ತಿದ್ದಾರೆ. ಅಕ್ಕ ಅದರಲ್ಲಿಲ್ಲ. ಯಾಕೆ ಎಂದರೆ, "ಆ ಹೊತ್ತಿಗೆ ಅದೇ ಆಪರೇಷನ್ನಿನ ಸಾಮಾನು ತೊಳೀತಿದ್ದೆ. ಫೋಟೋಗೆ ನಿಂತಿದ್ರೆ ಒಣಗಿ ಹೋಗ್ತಿತ್ತು" ಎನ್ನುತ್ತಾರೆ. ಅದರಲ್ಲಿ ಬೇಸರದ ಎಳೆಯೂ ಇಲ್ಲ. ಬೇಸರವೆಲ್ಲ ನನಗೇ.

ಈ ನೆಲಮಾಳಿಗೆಯಲ್ಲಿ ಮೂರು ಕೋಣೆ. ಕಾಗದದ ಮೇಲೆ ಅವಕ್ಕೆ ಗಂಭೀರವಾದ ಹೆಸರುಗಳಿವೆ. ಇಲ್ಲಿಯವರ ಬಾಯಲ್ಲಿ ಮಾತ್ರ ಬಚ್ಚಲು, ನಡುಮನೆ, ಒಳಮನೆ. ಕೊಳೆಯಾದದ್ದು ಬಚ್ಚಲಿಗೆ ಬರುತ್ತದೆ, ತೊಳೆದದ್ದು ನಡುಮನೆಗೆ ದಾಟುತ್ತದೆ, ಆವಿಯಲ್ಲಿ ಶುದ್ಧವಾದದ್ದು ಒಳಮನೆ ಸೇರುತ್ತದೆ. ಒಂದೇ ದಿಕ್ಕು. ನಡುಮನೆಯ ಪೆನ್ನನ್ನು ಬಚ್ಚಲಿನಲ್ಲಿ ಮರೆತು ಬಂದರೂ ಆ ಪೆನ್ನು ಅಲ್ಲಿಗೇ ಹೋಯಿತು ಎಂದು ಲೆಕ್ಕ. ನನ್ನನ್ನು ಒಳಗೆ ಬಿಡುವ ಮುಂಚೆ ಅಕ್ಕ ಟೋಪಿ, ಗೌನು ಹಾಕಿಸಿ, ಉಗುರು ತೋರಿಸಿ ಅಂದರು. ತೋರಿಸಿದೆ. "ಹೂಂ, ನಡೀತದೆ," ಎಂದರು, ಮನಸ್ಸಿಲ್ಲದ ಮನಸ್ಸಿನಿಂದ. ಆವಿಯಂತ್ರ ನೋಡಿಕೊಳ್ಳುವವರನ್ನು ಎಲ್ಲರೂ ಕುಕ್ಕರ್ ಅಣ್ಣ ಎನ್ನುತ್ತಾರೆ. ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು: "ನೀವು ಪುಣ್ಯವಂತರು. ಹೋದ ತಿಂಗಳು ಬಂದ ದೊಡ್ಡ ಅಧಿಕಾರಿಗೆ ಹೋಗಿ ಉಗುರು ಕತ್ತರಿಸ್ಕೊಂಡು ಬನ್ನಿ ಅಂದಿದ್ರು."

ಅಕ್ಕ ಮೊದಲು ಇದ್ದದ್ದು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಥಿಯೇಟರಿನಿಂದ ಬರುವ ಹಸಿರು ಬಟ್ಟೆಗಳ ಗಂಟಿನಲ್ಲಿ ಆಗಾಗ ಕತ್ತರಿ, ಇಕ್ಕಳ ಸಿಗುತ್ತಿದ್ದವು. ಬೇರೆಯವರು ಮೂಲೆಗಿಡುತ್ತಿದ್ದರು. ಇವರು ಮಾತ್ರ ಹಿಡಿದುಕೊಂಡು ಮೂರು ಮಹಡಿ ಹತ್ತಿ ಥಿಯೇಟರಿನ ಬಾಗಿಲು ತಟ್ಟುತ್ತಿದ್ದರು. "ನಿಮ್ಮ ಮನೇಲಿ ಚಮಚಾನ ಹೀಗೇ ಸೀರೆ ಜೊತೆ ಒಗಿಯೋಕೆ ಹಾಕ್ತೀರಾ?" ಎಂದು ಬೈದೂ ಬರುತ್ತಿದ್ದರು. ತಿಂಗಳಿಗೆ ನಾಲ್ಕೈದು ಸಲ ಬೈಸಿಕೊಂಡ ಆಗಿನ ಹಿರಿಯ ಸಿಸ್ಟರ್ ಕೊನೆಗೆ, ಇಷ್ಟು ಬೈಯುವವಳು ಹೊರಗಿರುವುದಕ್ಕಿಂತ ಒಳಗೇ ಇರಲಿ ಎಂದು ಇಲ್ಲಿಗೆ ಹಾಕಿಸಿದರಂತೆ.

ಒಗೆಯುವ ಕೈ ಇಲ್ಲಿ ತೊಳೆಯುವ ಕೈಯಾಯಿತು. ಆದರೆ ಆ ಕೈಯೇ ಒಂದು ದಿನ ಕೈಕೊಟ್ಟಿತು. ಅದನ್ನು ಅಕ್ಕ ತಾವಾಗಿಯೇ ಹೇಳುತ್ತಾರೆ, ಕೇಳುವ ಮೊದಲೇ. ಬಂದ ಮೂರನೇ ವರ್ಷ, ಕೀಹೋಲ್ ಆಗಷ್ಟೇ ಶುರುವಾಗಿತ್ತು. ಈ ಕಡ್ಡಿಗಳ ತುದಿಯಲ್ಲಿ ವಿದ್ಯುತ್ ಹರಿಯುತ್ತದೆ. ರಕ್ತನಾಳ ಸುಟ್ಟು ಮುಚ್ಚಲು ಅದು ಬೇಕು. ತುದಿ ಬಿಟ್ಟು ಉಳಿದ ಮೈಗೆಲ್ಲ ಕರೆಂಟು ಸೋರದಂತೆ ಕಪ್ಪು ಹೊದಿಕೆ ಇರುತ್ತದೆ. ಅಕ್ಕನಿಗೆ ಆಗ ಕ್ಲೀನು ಎಂದರೆ ಫಳಫಳ. ಗಟ್ಟಿ ತಂತಿಯ ಬ್ರಷ್ಷಿನಿಂದ ಕಡ್ಡಿಗಳನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದರು. ಎಲ್ಲರೂ ಭೇಷ್ ಎನ್ನುತ್ತಿದ್ದರು.

"ಆಪರೇಷನ್ ಆದ ನಾಲ್ಕನೇ ದಿನ ಒಬ್ಬ ಯಜಮಾನ್ರಿಗೆ ಜ್ವರ ಬಂತು. ಮತ್ತೆ ಹೊಟ್ಟೆ ತೆರೆದ್ರು. ಕರುಳಲ್ಲಿ ಇನ್ನೊಂದು ಕಡೆ ಸುಟ್ಟು ತೂತಾಗಿತ್ತು. ಡಾಕ್ಟ್ರು ಕಡ್ಡೀನ ಕೆಳಗೆ ತಂದು ಲೆನ್ಸ್ ಹಿಡಿದು ನೋಡಿದ್ರು. ಹೊದಿಕೆ ತುಂಬ ಗೀರು, ಒಂದು ಕಡೆ ತೂತು. ಅವರು ನನ್ನನ್ನ ಬೈಲಿಲ್ಲ. ಕಡ್ಡಿ ಹಳೇದಾಗಿದೆ ಅಂದ್ರು. ನಾನೇ ಹೇಳ್ದೆ, ಹಳೇದಾಗಿಲ್ಲ ಡಾಕ್ಟ್ರೇ, ನಾನು ಉಜ್ಜಿದ್ದು ಅಂತ."

ಆ ಯಜಮಾನರು ನಲವತ್ತು ದಿನ ಮಲಗಿ ಬದುಕಿ ಮನೆಗೆ ಹೋದರು. ನಲವತ್ತು ದಿನವೂ ಅಕ್ಕ ವಾರ್ಡಿಗೆ ಹೋಗಿ ನೀರಿನ ಜಗ್ ತುಂಬಿಸಿಟ್ಟು ಬಂದರು, ತಾವು ಯಾರೆಂದು ಹೇಳದೆ. ತಂತಿಯ ಬ್ರಷ್ಷನ್ನು ಅವತ್ತೇ ಕಸಕ್ಕೆ ಎಸೆದರು. ಭೂತಗನ್ನಡಿ ತರಿಸಿಕೊಂಡರು. ಈಗ ಮೆತ್ತನೆಯ ಬ್ರಷ್ಷು, ಕೊಳೆ ಬಿಡಿಸುವ ದ್ರಾವಣ, ಸದ್ದಿನ ಅಲೆಗಳಿಂದ ಸಂದಿಗೊಂದಿಯ ಕಸ ಉದುರಿಸುವ ತೊಟ್ಟಿ. ಹೊಳಪು ಕಂಡರೆ ಅಕ್ಕನಿಗೆ ಈಗ ಅನುಮಾನ ಬರುತ್ತದೆ.

ಕರುಳಿನ ಕ್ಯಾನ್ಸರಿನ ಆಪರೇಷನ್ನಿಗೆಂದೇ ಎರಡು ಪೆಟ್ಟಿಗೆಗಳಿವೆ. ಒಂದೊಂದರಲ್ಲೂ ಇಪ್ಪತ್ತೇಳು ಸಾಮಾನು, ಅದರಲ್ಲಿ ಉದ್ದ ಕಡ್ಡಿಗಳು ಹದಿನಾಲ್ಕು, ಹೆಚ್ಚಿನವನ್ನು ಮೂರು ಮೂರು ಭಾಗವಾಗಿ ಬಿಚ್ಚಬೇಕು. ಬೇರೆ ಪೆಟ್ಟಿಗೆಗಳೂ ಸೇರಿ ದಿನಕ್ಕೆ ಅರವತ್ತು ಕಡ್ಡಿ ಇವರ ಕಣ್ಣ ಮುಂದೆ ಸುತ್ತುತ್ತವೆ. ಒಂದಕ್ಕೆ ನಾಲ್ಕು ನಿಮಿಷ. ಕ್ಯಾಮೆರಾದ ಕೊಳವೆ ಪರೀಕ್ಷಿಸಲು ಅದರೊಳಗಿಂದ ಹಳೆಯ ಪತ್ರಿಕೆ ಓದುತ್ತಾರೆ. "ನಿಮ್ಮ ಪೇಪರೇ. ಸಣ್ಣ ಜಾಹೀರಾತು ಓದಕ್ಕಾದ್ರೆ ಪಾಸು. ಲೇಖನ ಗೀಖನ ನಾನು ಓದಲ್ಲ, ಬೇಜಾರು ಮಾಡ್ಕೋಬೇಡಿ." ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿಸಿ ಸಹಿ ಹಾಕುತ್ತಾರೆ. ಆ ಸಹಿಯಿಲ್ಲದ ಪೆಟ್ಟಿಗೆಯನ್ನು ಥಿಯೇಟರಿನಲ್ಲಿ ಬಿಚ್ಚುವಂತಿಲ್ಲ.

ದ್ರಾವಣದಲ್ಲಿ ಆಡಿ ಆಡಿ ಕೈ ಬಿರುಕು ಬಿಟ್ಟಿದೆ. ಕೈಗವಸು ಹಾಕಿದರೂ ಬೆವರಿಗೆ ಚರ್ಮ ಸುಲಿಯುತ್ತದೆ. ಬೆರಳ ತುದಿಯ ಗೆರೆಗಳು ಎಷ್ಟು ಸವೆದಿವೆಯೆಂದರೆ ಹೊಸದಾಗಿ ಬಂದ ಹಾಜರಿ ಯಂತ್ರ ಇವರನ್ನು ಗುರುತಿಸುವುದೇ ಇಲ್ಲ. "ಇಪ್ಪತ್ತೆರಡು ವರ್ಷದಿಂದ ಬರ್ತಿದೀನಿ. ಅದು ಮಾತ್ರ ದಿನಾ ನೀನ್ಯಾರು ಅಂತ ಕೇಳುತ್ತೆ!" ಕುತ್ತಿಗೆ ನೋವಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಗಂಡ ಬೆಳಗಿನ ತಿಂಡಿ ಕಟ್ಟಿಕೊಡುತ್ತಾರೆ. ಅದಕ್ಕೂ ಒಂದು ತಕರಾರು: "ಡಬ್ಬಿ ತೊಳೆಯೋದು ನಾನೇ. ಅವರು ತೊಳೆದಿದ್ದು ನನಗೆ ಸಮಾಧಾನ ಇಲ್ಲ."

ಇಷ್ಟರಲ್ಲಿ ಆರೂಕಾಲು ಗಂಟೆ. ಎಂಟು ಗಂಟೆಗೆ ಮೇಲೆ ಮೊದಲ ಆಪರೇಷನ್. ಹೆಂಗಸು, ದೊಡ್ಡ ಕರುಳಿನ ಕ್ಯಾನ್ಸರ್. ಹಿಂದಿನ ಸಂಜೆ ತೊಳೆದಿಟ್ಟಿದ್ದ ಎರಡನೇ ಪೆಟ್ಟಿಗೆಯ ಸಾಮಾನು ಒಂದೊಂದಾಗಿ ಪಾಸಾಗುತ್ತ ಬಂದಿದೆ. ಉಳಿದಿರುವುದು ಒಂದು ಕೊಕ್ಕೆ, ತುದಿ ಬಾಗಿದ ಕಡ್ಡಿ. ಕರುಳನ್ನು ಅದರ ಹಾಸಿಗೆಯಿಂದ ಬಿಡಿಸುವ ನಾಜೂಕು ಕೆಲಸ ಹೆಚ್ಚಾಗಿ ಅದರದ್ದೇ. ಭೂತಗನ್ನಡಿಯಡಿ ಅದೂ ಪಾಸಾಯಿತು. ಆಮೇಲೆ ಕರೆಂಟಿನ ಪರೀಕ್ಷೆ. ಉಂಗುರದಂಥ ತಾಮ್ರದ ಕುಂಚವನ್ನು ಹೊದಿಕೆಯ ಮೇಲೆ ಆ ತುದಿಯಿಂದ ಈ ತುದಿಗೆ ಸರಿಸುತ್ತಾರೆ. ತೂತಿದ್ದರೆ ಯಂತ್ರ ಕೂಗುತ್ತದೆ.

ಕೂಗಿತು.

ಅಕ್ಕ ಮತ್ತೆ ಸರಿಸಿದರು. ಅದೇ ಜಾಗ, ಅದೇ ಕೂಗು. ಮೂರನೇ ಸಲವೂ. ಕಡ್ಡಿಯನ್ನು ಮತ್ತೆ ಕನ್ನಡಿಯಡಿ ಹಿಡಿದು ನನ್ನನ್ನು ಕರೆದರು. ನನಗೆ ಏನೂ ಕಾಣಲಿಲ್ಲ. ಸೂಜಿಯ ಮೊನೆಯಿಂದ ತೋರಿಸಿದ ಮೇಲೆ ಕಂಡಿತು, ಸಾಸಿವೆಯನ್ನು ಹತ್ತು ಚೂರು ಮಾಡಿದರೆ ಒಂದು ಚೂರಿನಷ್ಟು ಬಿಳಿ ಚುಕ್ಕೆ. "ಇವತ್ತೇ ಆಗ್ಬೇಕಿತ್ತಾ ಇದು," ಎಂದು ತಮ್ಮಷ್ಟಕ್ಕೆ ಗೊಣಗಿದರು. ಎಲ್ಲರಿಗೂ ಬರುವ ಬೇಸರ ಎಂದುಕೊಂಡೆ.

ಕೊಕ್ಕೆಗೆ ಬದಲಿ ಇರಬೇಕಲ್ಲ? ಇದೆ, ಅದು ಹೊಸ ಹೊದಿಕೆ ಹಾಕಿಸಲು ರಿಪೇರಿಗೆ ಹೋಗಿದೆ. ಮೊದಲ ಪೆಟ್ಟಿಗೆಯಲ್ಲಿ ಒಂದಿದೆ, ಅದು ನಿನ್ನೆ ಸಂಜೆಯ ತುರ್ತು ಆಪರೇಷನ್ನಿಗೆ ಹೋಗಿ ಬಂದು ಬಚ್ಚಲಿನಲ್ಲಿ ಬಿದ್ದಿದೆ. ಅವಸರದಲ್ಲಿ ಯಾರೋ ನೆನೆಹಾಕದೆ ಬಿಟ್ಟಿದ್ದಾರೆ, ರಕ್ತ ಒಣಗಿ ಅಂಟಿದೆ. ಅಂಟಿದ್ದು ನೆನೆಯಬೇಕು, ತೊಳೆಯಬೇಕು, ಒಣಗಬೇಕು, ಆವಿಯಲ್ಲಿ ಬೆಂದು ಆರಬೇಕು. ಅಕ್ಕ ಗೋಡೆಯ ಫೋನೆತ್ತಿದರು. ಆ ಕಡೆ ಥಿಯೇಟರಿನ ಸಿಸ್ಟರ್.

"ಕೊಕ್ಕೆ ಕಣ್ಣಿಗೆ ಚೆನ್ನಾಗೇ ಇದೆ, ಕರೆಂಟಿನ ಪರೀಕ್ಷೇಲಿ ಕೂಗ್ತಿದೆ. ಬೇರೇದು ಹತ್ತೂವರೆಗೆ ಬರುತ್ತೆ ಸಿಸ್ಟರ್."

"ಹತ್ತೂವರೇನಾ? ಎಂಟಕ್ಕೆ ಕೇಸು ಅಕ್ಕ! ಎಲ್ಲೋ ಒಂದು ಸಲ ಕೂಗಿರುತ್ತೆ, ಕಣ್ಣಿಗೆ ಚೆನ್ನಾಗೇ ಇದೆ ಅಂತೀರಿ. ಇವತ್ತೊಂದಿನ ಕಳಿಸಿಬಿಡಿ, ನಾಳೆ ರಿಪೇರಿಗೆ ಹಾಕೋಣ."

"ಮೂರು ಸಲ ಕೂಗಿದೆ. ನನ್ನ ಸಹಿ ಬೀಳಲ್ಲ."

ಎರಡು ನಿಮಿಷದಲ್ಲಿ ಸರ್ಜನ್‌ರೇ ಫೋನು ಮಾಡಿದರು. ಹತ್ತೊಂಬತ್ತು ವರ್ಷದ ಹಿಂದೆ ಲೆನ್ಸ್ ಹಿಡಿದು ಕೆಳಗೆ ಬಂದಿದ್ದವರು ಇವರೇ. ಕೊಕ್ಕೆಯನ್ನು ಕಳಿಸಿ ಎಂದು ಅವರು ಕೇಳಲಿಲ್ಲ. ಆದರೆ ದನಿ ಬಿಗಿಯಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರು ಮಧ್ಯಾಹ್ನ ಮೂರರ ಮೇಲೆ ಸಿಗುವುದಿಲ್ಲ. ಹನ್ನೊಂದರೊಳಗೆ ರೋಗಿ ಒಳಗೆ ಹೋಗದಿದ್ದರೆ ಇವತ್ತಿಗಿಲ್ಲ, ಮುಂದಿನ ಸರದಿ ಹನ್ನೆರಡು ದಿನ ಆದಮೇಲೆ. ಗಡ್ಡೆ ಕರುಳನ್ನು ಮುಕ್ಕಾಲು ಮುಚ್ಚಿದೆ, ಅಷ್ಟು ದಿನ ಕಾಯುವುದು ಅವರಿಗೆ ಇಷ್ಟವಿಲ್ಲ. "ಇಲ್ಲಾಂದ್ರೆ ಹೊಟ್ಟೆ ತೆರೆದೇ ಮಾಡಿಬಿಡ್ಲಾ ಅಕ್ಕ? ಅದಾದ್ರೆ ಈಗ್ಲೇ ಆಗುತ್ತೆ."

"ಅದು ನಿಮಗೆ, ಆ ರೋಗಿಗೆ ಬಿಟ್ಟಿದ್ದು ಡಾಕ್ಟ್ರೇ. ಈ ಕೊಕ್ಕೆ ಮಾತ್ರ ಮೇಲೆ ಬರಲ್ಲ."

ಫೋನಿಟ್ಟು ಬಚ್ಚಲಿಗೆ ನಡೆದರು. ಒಣಗಿದ ಕೊಕ್ಕೆಯನ್ನು ಬಿಚ್ಚಿ ಬೆಚ್ಚನೆಯ ದ್ರಾವಣದಲ್ಲಿ ಮುಳುಗಿಸಿದರು. ಮುಖ ಬಿಳಿಚಿತ್ತು. ಇಪ್ಪತ್ತೆರಡು ವರ್ಷದ ಅನುಭವಸ್ಥೆಗೆ ಇಷ್ಟು ಕಳವಳ ಯಾಕೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಕಾರಿಡಾರಿನ ಅರ್ಧ ಬಾಗಿಲಿನಾಚೆ ಗಂಡಸೊಬ್ಬ ಏದುಸಿರು ಬಿಡುತ್ತ ಬಂದು ನಿಂತ.

"ಅತ್ತಿಗೆ! ಅವತ್ತು ಅವಳು ಸಹಿ ಹಾಕಲಿಲ್ಲ ಅಂತ ಇವತ್ತು ನೀವು ಹಾಕಲ್ಲ, ಅಷ್ಟೇ ತಾನೇ? ಹಳೇ ಸಿಟ್ಟು ತೀರಿಸ್ಕೊಳ್ಳೋಕೆ ಇವತ್ತೇ ಬೇಕಿತ್ತಾ ನಿಮಗೆ?"

ಆಗ ಗೊತ್ತಾಯಿತು. ಮೇಲೆ ಟ್ರಾಲಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಮಲಗಿರುವುದು ಅಕ್ಕನ ಓರಗಿತ್ತಿ. ಬಂದವನು ಮೈದುನ.

ಸಹಿಯ ಕತೆ ಹೀಗಿದೆ. ಓರಗಿತ್ತಿ ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ಏಳು ವರ್ಷದ ಹಿಂದೆ ಅಕ್ಕನಿಗೂ ಕಾರು ಕಲಿಯುವ ಆಸೆಯಾಗಿ ಮೂರು ತಿಂಗಳು ಅವರ ಪಕ್ಕ ಕೂತು ಕಲಿತರು. ಟೆಸ್ಟಿಗೆ ಕಳಿಸು ಎಂದಾಗ ಓರಗಿತ್ತಿ ಅರ್ಜಿಗೆ ಸಹಿ ಹಾಕಲಿಲ್ಲ. ಹಿಂದಕ್ಕೆ ತೆಗೆಯುವಾಗ ಅಕ್ಕ ಕನ್ನಡಿ ನೋಡುವುದಿಲ್ಲ ಎಂಬುದು ಕಾರಣ. ದಿನವಿಡೀ ಕನ್ನಡಿ ನೋಡುವವಳಿಗೆ ಕನ್ನಡಿ ನೋಡಲ್ಲ ಅಂದಳಲ್ಲ ಎಂದು ಅಕ್ಕನಿಗೆ ಉರಿದುಹೋಯಿತು. ಮನೆಯ ಊಟವೊಂದರಲ್ಲಿ ಯಾರೋ ಅದನ್ನೇ ತಮಾಷೆ ಮಾಡಿ ಎಲ್ಲರೂ ನಕ್ಕರು. ಅವತ್ತಿನಿಂದ ಇಬ್ಬರ ನಡುವೆ ಚೆನ್ನಾಗಿದೀಯಾ, ಚೆನ್ನಾಗಿದೀನಿ ಎನ್ನುವಷ್ಟೇ ಮಾತು. ಹೊರಗಿನವರಿಗೆ ನಗು ಬರುವ ಜಗಳ. ಮನೆಯೊಳಗೆ ಇಂಥವೇ ಏಳು ವರ್ಷ ಬಾಳುತ್ತವೆ.

ಈಗ ನೋಡಿ ಅಕ್ಕನ ಪಾಡು. ಕೊಕ್ಕೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಓರಗಿತ್ತಿಗೆ ಒಂದೋ ಹನ್ನೆರಡು ದಿನದ ಅಪಾಯ, ಇಲ್ಲವೇ ಗೇಣುದ್ದದ ಗಾಯ. ಸೀಟುಬೆಲ್ಟು ಹೊಟ್ಟೆಯ ಮೇಲೆ ಬರುವ ಕೆಲಸದವರಿಗೆ ಆ ಗಾಯ ತಿಂಗಳುಗಟ್ಟಲೆ ಮಾತಾಡುತ್ತದೆ. ಏನೇ ಆದರೂ ಬೇಕಂತಲೇ ಮಾಡಿದಳು ಎಂದು ಮನೆಮಂದಿ ಜೀವನಪೂರ್ತಿ ಹೇಳುತ್ತಾರೆ. ಸಹಿ ಹಾಕಿ ಕಳಿಸಿಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಹುಶಃ ಏನೂ ಆಗುತ್ತಲೂ ಇರಲಿಲ್ಲ. ಆ 'ಬಹುಶಃ' ಮೇಲೆ ಸಹಿ ಹಾಕಲು ಇವರಿಗೆ ಬರುವುದಿಲ್ಲ.

ಮೈದುನನಿಗೆ ಅಕ್ಕ ಸಮಜಾಯಿಷಿ ಕೊಡಲಿಲ್ಲ. "ಗಡಿಯಾರ ನೋಡ್ಕೋ. ಹತ್ತೂವರೆಗೆ ಕೊಕ್ಕೆ ಮೇಲಿರುತ್ತೆ. ಈಗ ಹೋಗಿ ಅವಳ ಹತ್ರ ಕೂತ್ಕೋ, ಒಬ್ಬಳೇ ಇದ್ದಾಳೆ," ಎಂದರು. ಅವನು ಇನ್ನೇನೋ ಅನ್ನಲು ಬಾಯಿ ತೆರೆದ, ಕುಕ್ಕರ್ ಅಣ್ಣ ಮೆಲ್ಲಗೆ ಹೆಗಲು ಹಿಡಿದು ಲಿಫ್ಟಿನತ್ತ ನಡೆಸಿದರು.

ಏಳು ಇಪ್ಪತ್ತಕ್ಕೆ ಫೋನು ಬಂತು. ಅಕ್ಕನ ಎರಡೂ ಕೈ ನೀರಿನಲ್ಲಿದ್ದವು, ಸ್ಪೀಕರ್ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಸಿಸ್ಟರ್ ದನಿ ಈಗ ಬೇರೆಯೇ ಆಗಿತ್ತು. ಸರ್ಜನ್ ಟ್ರಾಲಿಯ ಪಕ್ಕ ನಿಂತು ಓರಗಿತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದರಂತೆ: ಈಗಲೇ ಹೊಟ್ಟೆ ತೆರೆದು ಮಾಡಬಹುದು, ಅಥವಾ ಕಾಯಬಹುದು, ಕಾದರೆ ಇವತ್ತು ತಪ್ಪಿಯೂ ಹೋಗಬಹುದು. ನಿರ್ಧಾರ ನಿಮ್ಮದು.

"ಏನಂದ್ಲು?" ಅಕ್ಕ ಕೇಳಿದರು.

"ಸಹಿ ಹಾಕಲ್ಲ ಅಂದಿದ್ದು ಅಕ್ಕಾನೇನಾ ಅಂತ ಎರಡು ಸಲ ಕೇಳಿದ್ರು. ಹೌದು ಅಂದೆ. ಹಾಗಾದ್ರೆ ಕಾಯ್ತೀನಿ, ನಾನೂ ಸಹಿ ಹಾಕೋ ಕೆಲಸದವಳೇ ಅಂದ್ರು. ಗಂಡ ಏನೋ ಹೇಳೋಕೆ ಹೋದ್ರು, ನೀವು ಸುಮ್ನಿರಿ ಅಂತ ಗದರಿದ್ರು."

ಅಕ್ಕ ಮೂಗೆಳೆದುಕೊಂಡು, "ನೀರು ಬದಲಾಯಿಸ್ಬೇಕು," ಎಂದು ನಲ್ಲಿ ತಿರುಗಿಸಿದರು.

ಅಲ್ಲಿಂದಾಚೆ ನಾನು ನೋಡಿದ್ದು ಅವಸರವಿಲ್ಲದ ಅವಸರ. ನೆನೆದ ಕೊಕ್ಕೆಯ ಸಂದಿಗಳಿಗೆ ಮೆತ್ತನೆಯ ಬ್ರಷ್ಷು, ನಳಿಗೆಯೊಳಗೆ ಪಿಚಕಾರಿ, ಸದ್ದಿನ ತೊಟ್ಟಿಯಲ್ಲಿ ಹದಿನೈದು ನಿಮಿಷ. ಅಷ್ಟಾದ ಮೇಲೂ ಕೀಲಿನ ಹತ್ತಿರ ಕಡುಗಂದು ಬಣ್ಣ ಕಂಡಿತು, ಮತ್ತೆ ಹದಿನೈದು ನಿಮಿಷ. ಆ ಎರಡನೇ ಹದಿನೈದು ನಿಮಿಷವನ್ನು ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಗಾಳಿಯ ಕೊಳವೆಯಲ್ಲಿ ಒಣಗಿಸಿ, ಭೂತಗನ್ನಡಿಯಡಿ ಸುತ್ತಿಸಿ, ತಾಮ್ರದ ಕುಂಚ ಸರಿಸಿದಾಗ ಮೂವರೂ ಉಸಿರು ಬಿಗಿ ಹಿಡಿದಿದ್ದೆವು. ಯಂತ್ರ ಕೂಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕೂಗಲಿಲ್ಲ. ಎಂಟು ಐವತ್ತೈದಕ್ಕೆ ಇಡೀ ಪೆಟ್ಟಿಗೆ ಆವಿಯಂತ್ರದೊಳಗೆ ಹೋಯಿತು. ಕುಕ್ಕರ್ ಅಣ್ಣ ಬಾಗಿಲು ಬಿಗಿದು, "ಇನ್ನು ನೀವು ಬೈದ್ರೂ ಇದು ಬೇಗ ಬೇಯಲ್ಲ," ಎಂದರು. ಅಕ್ಕ ಅವತ್ತು ಮೊದಲ ಸಲ ನಕ್ಕರು.

ಹತ್ತು ಗಂಟೆ ದಾಟಿ ಪೆಟ್ಟಿಗೆ ಹೊರಬಂತು. ಆವಿ ಸರಿಯಾಗಿ ತಾಗಿದೆಯೇ ಎಂದು ತೋರಿಸುವ ಪಟ್ಟಿ ಪೂರ್ತಿ ಕಪ್ಪಾಗಿತ್ತು. ಆರಲು ಬಿಟ್ಟು, ಪೆಟ್ಟಿಗೆಗೆ ಸುತ್ತಿದ ಬಟ್ಟೆಯ ಮೇಲೆ ತೇವದ ಹನಿಯೂ ಇಲ್ಲವೆಂದು ಅಂಗೈ ಆಡಿಸಿ ನೋಡಿದರು. ಸಹಿ ಹಾಕಿದರು. ಹತ್ತು ಇಪ್ಪತ್ತೆಂಟಕ್ಕೆ ಲಿಫ್ಟಿನ ಬಾಗಿಲು ಮುಚ್ಚಿತು.

ಆಮೇಲೆ? ಆಮೇಲೆ ಮಾಮೂಲು. ಮೇಲೆ ಓರಗಿತ್ತಿಯ ಹೊಟ್ಟೆಯಲ್ಲಿ ಅದೇ ಕೊಕ್ಕೆ ಕೆಲಸ ಮಾಡುತ್ತಿರುವಾಗ ಅಕ್ಕ ಕೆಳಗೆ ಬೇರೊಬ್ಬರ ಪಿತ್ತಕೋಶದ ಆಪರೇಷನ್ನಿನ ಸಾಮಾನು ಬಿಚ್ಚುತ್ತಿದ್ದರು. ತಿಂಡಿಯ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. ಮಧ್ಯಾಹ್ನ ಎರಡೂಕಾಲು ಗಂಟೆಗೆ ಸರ್ಜನ್ ಟೋಪಿಯನ್ನೂ ತೆಗೆಯದೆ ಅರ್ಧ ಬಾಗಿಲಿಗೆ ಬಂದು ನಿಂತರು. "ತೂತಿನಲ್ಲೇ ಮುಗೀತು ಅಕ್ಕ. ಹೊಟ್ಟೆ ತೆರೀಲಿಲ್ಲ. ಗಡ್ಡೆ ಪೂರ್ತಿ ಬಂತು." ನನ್ನತ್ತ ತಿರುಗಿ, "ಬರ್ಕೊಳ್ಳಿ. ನಾನು ಪರದೇಲಿ ನೋಡೋದು ಕಡ್ಡಿಯ ತುದಿ ಮಾತ್ರ. ಉಳಿದ ಉದ್ದ ನನಗೆ ಕಾಣಲ್ಲ. ಅದನ್ನ ನನ್ನ ಬದಲು ಇವರು ಮೊದಲೇ ನೋಡಿರ್ತಾರೆ. ಆ ಧೈರ್ಯದ ಮೇಲೆ ನ‌ನ್ನ ಕೈ ಓಡುತ್ತೆ," ಎಂದರು.

ಹತ್ತು ದಿನ ಬಿಟ್ಟು ನಾನು ಮತ್ತೆ ಹೋದೆ. ಅವತ್ತು ಓರಗಿತ್ತಿ ಡ್ರೆಸ್ಸಿಂಗ್ ತೆಗೆಸಿಕೊಳ್ಳಲು, ರಿಪೋರ್ಟ್ ಕೇಳಲು ಬಂದಿದ್ದರು. ಐದನೇ ದಿನವೇ ಮನೆಗೆ ಹೋಗಿದ್ದವರು ಈಗ ಕಾರಿಡಾರಿನಲ್ಲಿ ಯಾರ ಕೈಯೂ ಹಿಡಿಯದೆ ನಡೆಯುತ್ತಿದ್ದಾರೆ, ನಡೆಯುತ್ತಲೇ ಫೋನಿನಲ್ಲಿ ಯಾರಿಗೋ ಕ್ಲಚ್ ಬಿಡುವ ಪಾಠ ಹೇಳುತ್ತಿದ್ದಾರೆ. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ಓರಗಿತ್ತಿಯ ಚೀಲ. ಮೈದುನ ಅತ್ತಿಗೆಯ ಮುಖ ನೋಡಲಾರದೆ ಸ್ಕ್ಯಾನಿನ ಕವರಿನ ಮೇಲಿನ ಅಕ್ಷರಗಳನ್ನು ಓದುತ್ತ ನಿಂತಿದ್ದಾನೆ. ಅದನ್ನು ಎಷ್ಟು ಸಲ ಓದಿದನೋ.

ರಿಪೋರ್ಟ್ ಬಂತು. ಕತ್ತರಿಸಿದ ಅಂಚುಗಳೆರಡೂ ಸ್ವಚ್ಛ. ಪರೀಕ್ಷಿಸಿದ ಹದಿನೆಂಟು ಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇಲ್ಲ. ಸದ್ಯಕ್ಕೆ ಬೇರೆ ಔಷಧಿಯೂ ಬೇಡ, ಕಾಲಕಾಲಕ್ಕೆ ಬಂದು ತೋರಿಸಿದರೆ ಸಾಕು. ಮೈದುನ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. "ಅತ್ತಿಗೆ, ಅವತ್ತು ನಾನು..." ಎಂದು ಶುರು ಮಾಡಿದವನನ್ನು ಅಕ್ಕ ತಡೆದರು. "ಆಯ್ತು ಬಿಡೋ. ನಿನ್ನ ಜಾಗದಲ್ಲಿ ನಾನಿದ್ರೆ ಬಾಗಿಲೇ ಮುರೀತಿದ್ದೆ."

ಕಾಯುವ ನಿರ್ಧಾರ ಮಾಡುವಾಗ ಭಯವಾಗಲಿಲ್ಲವೇ ಎಂದು ಓರಗಿತ್ತಿಯನ್ನು ಕೇಳಿದೆ. "ಆಗದೇ ಇರುತ್ತಾ? ಕೈಕಾಲು ತಣ್ಣಗಾಗಿತ್ತು. ಆದ್ರೆ ನೋಡಿ, ಕಲಿಯೋಕೆ ಬಂದವರೆಲ್ಲ ಮೇಡಂ ಸಹಿ ಹಾಕಿ, ಮೇಡಂ ಸಹಿ ಹಾಕಿ ಅಂತ ಜೀವ ತಿಂತಾರೆ. ಹಾಕಿಬಿಟ್ರೆ ಎಲ್ಲರಿಗೂ ಒಳ್ಳೆಯವಳಾಗ್ತೀನಿ. ಹಾಕಲ್ಲ ಅನ್ನೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದೂ ಮನೆಯವರಿಗೆ! ಅಕ್ಕ ನನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡೋ ಹೆಂಗಸಲ್ಲ. ಸಿಟ್ಟಿದ್ರೆ ನೇರ ಮುಖಕ್ಕೇ ಬೈತಾರೆ." ಅಕ್ಕನನ್ನು ಮತ್ತೆ ಕಾರು ಕಲಿಯಲು ಕರೆದಿದ್ದಾರಂತೆ. ಸಹಿ? "ಅದು ಹಿಂದೆ ನೋಡೋದು ಕಲಿತ ಮೇಲೇ," ಎಂದರು, ಒಂದಿಷ್ಟೂ ನಗದೆ. ಅಕ್ಕ ಮುಖ ಆ ಕಡೆ ತಿರುಗಿಸಿದರು, ಆದರೆ ಚೀಲ ಕೆಳಗಿಡಲಿಲ್ಲ.

ಅವರನ್ನು ಬಾಗಿಲವರೆಗೆ ಕಳಿಸಿ ಅಕ್ಕ ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ನಾನೂ ಜೊತೆಗಿಳಿದೆ. ನಿವೃತ್ತಿಗೆ ಎರಡೇ ವರ್ಷ ಉಳಿದಿದೆ. ಇಷ್ಟು ವರ್ಷದಲ್ಲಿ ಒಂದು ಆಪರೇಷನ್ನನ್ನೂ ಕಣ್ಣಾರೆ ನೋಡಿಲ್ಲ, ಸರ್ಜನ್ ಕರೆದರೂ ಹೋಗಿಲ್ಲ. ಒಂದು ಸಲವಾದರೂ ನೋಡುವ ಆಸೆಯಿಲ್ಲವೇ, ನೀವು ಮಾಡಿದ್ದು ನಿಮಗೆ ಕಾಣುವುದೇ ಇಲ್ಲವಲ್ಲ ಎಂದೆ. ಅಕ್ಕ ಮೆಟ್ಟಿಲ ಮೇಲೇ ನಿಂತರು.

"ಯಾಕೆ ಕಾಣಲ್ಲ? ಈಗ ಡ್ರೆಸ್ಸಿಂಗ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಅವಳ ಹೊಟ್ಟೆ ಮೇಲೆ ಐದು ಗಾಯ ಇದೆ, ಎಣಿಸಿದೆ. ಐದೂ ಡಾಕ್ಟ್ರು ಬೇಕು ಅಂತ ಮಾಡಿದ್ದು. ಆರನೇದು ಒಂದು ಒಳಗೆ ಆಗ್ಬಹುದಿತ್ತು, ಯಾರಿಗೂ ಗೊತ್ತಾಗದ ಹಾಗೆ. ಅದು ಆಗ್ಲಿಲ್ಲ. ಐದು ಅವರದ್ದು. ಆಗದೇ ಇದ್ದ ಆ ಒಂದು ನನ್ನದು."